ಶಾಕ್ ಮೇಸ್ತ್ರಿಯ ರಬ್ಬರ್ ಬಳೆ

ಶಾಕ್ ಮೇಸ್ತ್ರಿಗೆ ಆ ಹೆಸರು ಬಂದದ್ದು ಕರೆಂಟು ಹೊಡೆದು ಅಲ್ಲ. ರೇಸ್ ಕಾರಿನ ಒಂದೊಂದು ಚಕ್ರಕ್ಕೂ ಒಂದೊಂದು ಶಾಕ್ ಅಬ್ಸಾರ್ಬರ್ ಇರುತ್ತದೆ. ರಸ್ತೆಯ ಏಟನ್ನು ಸ್ಪ್ರಿಂಗ್ ನುಂಗುತ್ತದೆ. ನುಂಗಿದ್ದನ್ನು ಅದು ಒಮ್ಮೆಲೇ ಕಕ್ಕಿ ಕಾರನ್ನು ಕುಣಿಸದಂತೆ ಹಿಡಿದುಕೊಳ್ಳುವುದು ಶಾಕ್‌ನ ಕೆಲಸ. ಆ ನಾಲ್ಕು ಶಾಕ್‌ಗಳನ್ನು ಬಿಚ್ಚಿ, ತೊಳೆದು, ಎಣ್ಣೆ ತುಂಬಿ ಮತ್ತೆ ಜೋಡಿಸುವುದು ಮೇಸ್ತ್ರಿಯ ಕೆಲಸ. ಮೂವತ್ತೊಂದು ವರ್ಷದಿಂದ ಅವರು ಅದನ್ನೇ ಮಾಡಿಕೊಂಡು ಬಂದಿದ್ದರು, ಬೇಸರ ಅನ್ನುವ ಪದ ತಮ್ಮ ಪಾಲಿಗೆ ಬಂದೇ ಇಲ್ಲ ಎಂಬಂತೆ.

ಅದೇ ವರ್ಕ್‌ಶಾಪಿಗೆ ಎಂಟು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವನು ಸ್ಟುಡಿಯೋ. ಅವನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದು ಇತ್ತು. ಆದರೆ ಮೊದಲ ದಿನ ಅವನು ಹೆಗಲಿಗೆ ಎರಡು ಬ್ಯಾಗು, ಕಂಕುಳಲ್ಲಿ ಸ್ಟ್ಯಾಂಡು, ಕೊರಳಲ್ಲಿ ವೈರು ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಾಗ, ಒಳಗಿನಿಂದ ಮೇಸ್ತ್ರಿಯ ದನಿ ಕೇಳಿತ್ತು:

"ಏನಪ್ಪಾ ಸ್ಟುಡಿಯೋ, ಮದುವೆ ಯಾರದು?"

ಅಲ್ಲಿಗೆ ಅವನ ಒಳ್ಳೆಯ ಹೆಸರು ತೀರಿಕೊಂಡಿತು. ಕೆಲಸದ ಪತ್ರದಲ್ಲಿ ಅವನು 'ಚಲನೆ ವಿಶ್ಲೇಷಕ'. ಅದನ್ನು ಕನ್ನಡಿಯೆದುರು ನಾಲ್ಕು ಸಲ ಹೇಳಿಕೊಂಡು ಖುಷಿಪಟ್ಟಿದ್ದ. ಅವನ ಅಮ್ಮ ಪಕ್ಕದ ಮನೆಯವರಿಗೆ ಅದನ್ನು ತಿಳಿಯಾಗಿ ಬಿಡಿಸಿ ಹೇಳಿದ್ದರು: "ಕಾರ್ ಚಕ್ರದ ವಿಡಿಯೋ ತೆಗೀತಾನೆ. ಮುಂದೆ ಮನುಷ್ಯರದ್ದೂ ತೆಗೀಬಹುದು."

ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಬ್ಬೆಟ್ಟಿನ ಗಾತ್ರದ ಕ್ಯಾಮೆರಾವನ್ನು ಚಕ್ರದ ಮೇಲಿನ ಗೂಡಿನೊಳಗೆ, ಕಾರಿನ ಮೈಗೆ ಒಂದು ಪಟ್ಟಿಯಿಂದ ಬಿಗಿದು, ಶಾಕ್‌ನ ಕಡೆಗೆ ತಿರುಗಿಸಿಡುವುದು; ಶಾಕ್‌ನ ಕೆಳತುದಿಗೆ ಒಂದು ಬಿಳಿ ಚುಕ್ಕೆ ಅಂಟಿಸುವುದು; ಕಾರು ಓಡಿದ ಮೇಲೆ ವಿಡಿಯೋ ತೆರೆದು, ಸೆಕೆಂಡಿಗೆ ಇನ್ನೂರ ನಲವತ್ತು ಫ್ರೇಮಿನಂತೆ ಆ ಚುಕ್ಕೆ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಅಂತ ಅಳೆಯುವುದು. ಕ್ಯಾಮೆರಾ ಕಾರಿನ ಜೊತೆಗೇ ಹೋಗುವುದರಿಂದ, ಚಿತ್ರದಲ್ಲಿ ಚುಕ್ಕೆ ಅಲ್ಲಾಡಿದಷ್ಟೂ ಶಾಕ್ ಅಲ್ಲಾಡಿದಂತೆ ಲೆಕ್ಕ. ಒಂದು ತಿರುವಿಗೆ ಸಾವಿರಾರು ಫ್ರೇಮು. ಓದಿ ದೊಡ್ಡ ಮನುಷ್ಯನಾಗಬೇಕೆಂದಿದ್ದ ತಾನು ಕೊನೆಗೆ ಚುಕ್ಕೆ ಕಾಯುವವನಾದೆನಲ್ಲ ಎಂದು ಸ್ಟುಡಿಯೋ ಆಗಾಗ ನಕ್ಕುಕೊಳ್ಳುತ್ತಿದ್ದ. ದನ ಕಾಯುವವನಿಗಾದರೂ ಬಯಲು, ಗಾಳಿ ಇರುತ್ತದೆ.

ಮೇಸ್ತ್ರಿಗೆ ಈ ಯಾವುದೂ ಬೇಕಿರಲಿಲ್ಲ. ಅವರದೊಂದು ಹಳೆಯ ಉಪಾಯವಿತ್ತು. ಶಾಕ್‌ನ ನಯವಾದ ದಂಡಕ್ಕೆ ಒಂದು ಸಣ್ಣ ಕಪ್ಪು ರಬ್ಬರ್ ಉಂಗುರ ಹಾಕುತ್ತಿದ್ದರು. ಶಾಕ್ ಅದುಮಿದಾಗ ಅದರ ಮೈ ಬಂದು ಆ ಉಂಗುರವನ್ನು ತಳ್ಳುತ್ತದೆ. ವಾಪಸು ಹೋಗುವಾಗ ಉಂಗುರ ತಳ್ಳಿಸಿಕೊಂಡ ಜಾಗದಲ್ಲೇ ನಿಂತಿರುತ್ತದೆ. ಕಾರು ಬಂದ ಮೇಲೆ ಬಗ್ಗಿ ನೋಡಿದರೆ, ಅತಿ ಹೆಚ್ಚೆಂದರೆ ಎಷ್ಟು ಅದುಮಿತ್ತು ಅನ್ನುವುದು ಗೊತ್ತಾಗುತ್ತಿತ್ತು. ಅದನ್ನು ಅವರು ಬಳೆ ಎನ್ನುತ್ತಿದ್ದರು. "ಬಳೆ ಇಪ್ಪತ್ತೊಂಬತ್ತಕ್ಕೆ ನಿಂತಿದೆ" ಅಂದರೆ ಇಪ್ಪತ್ತೊಂಬತ್ತು ಮಿಲಿಮೀಟರ್. ಆ ಮೇಲೆ ಕಾರಿನ ಮೂಲೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ಬಿಟ್ಟು, ತಲೆ ಓರೆ ಮಾಡಿ ನಿಲ್ಲುತ್ತಿದ್ದರು.

"ಒಂದ್ಸಲ ಉಸಿರು ಬಿಟ್ಟು ಸುಮ್ಮನಾಗ್ಬೇಕು. ಎರಡನೇ ಸಲ ಕುಣಿದ್ರೆ ಏನೋ ಸರಿ ಇಲ್ಲ ಅಂತ."

ಹದಿನೈದನೇ ವಯಸ್ಸಿಗೆ ಅವರು ಲಾರಿಗಳ ಸ್ಪ್ರಿಂಗಿನ ಕಮಾನು ಪಟ್ಟಿ ಬಡಿಯುವ ಶೆಡ್ಡು ಸೇರಿದವರು. ಅಲ್ಲಿ ಕಬ್ಬಿಣದ ಸದ್ದು ಕೇಳಿಯೇ ಬಿರುಕು ಗುರುತಿಸುವುದನ್ನು ಕಲಿತರು. ರೇಸಿನ ವರ್ಕ್‌ಶಾಪಿಗೆ ಬಂದ ವರ್ಷವೇ ಮದುವೆ. ಮಗಳು ಹುಟ್ಟಿದಾಗ ಮೂಲೆ ಸೇರಿದ್ದ ಒಂದು ಹಳೆಯ ಸ್ಪ್ರಿಂಗು, ಸೈಕಲ್ ಪಂಪು ಕೂಡಿಸಿ ತೊಟ್ಟಿಲಿಗೆ ಶಾಕ್ ಮಾಡಿದ್ದರಂತೆ. ಅಕ್ಕಪಕ್ಕದವರು ಮಗುವನ್ನು ಬಿಟ್ಟು ತೊಟ್ಟಿಲು ನೋಡಲು ಬರುತ್ತಿದ್ದರಂತೆ. ಆ ಮಗಳು ಈಗ ಇನ್ನೊಂದು ಊರಿನಲ್ಲಿ ಲೆಕ್ಕದ ಟೀಚರು.

ಇದನ್ನೆಲ್ಲ ಸ್ಟುಡಿಯೋಗೆ ಹೇಳಿದ್ದು ಮೇಸ್ತ್ರಿಯ ಹೆಂಡತಿ; ಅವನು ಅವರನ್ನೂ ಅಮ್ಮ ಎಂದೇ ಕರೆಯುತ್ತಿದ್ದ. ಒಂದು ಭಾನುವಾರ ಮೇಸ್ತ್ರಿ ಅವನನ್ನು ಊಟಕ್ಕೆ ಕರೆದೊಯ್ದಿದ್ದರು. ಟೈಲರ್ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ. ಕೆಳಗಡೆ ಹೊಲಿಗೆ ಮಷೀನು ಓಡಿದರೆ ಮೇಲೆ ಲೋಟದ ನೀರು ಸಣ್ಣಗೆ ಅಲೆ ಏಳುತ್ತಿತ್ತು. ಅದಕ್ಕೆಂದೇ ಊಟದ ಮೇಜಿನ ನಾಲ್ಕು ಕಾಲಿಗೂ ಮೇಸ್ತ್ರಿ ರಬ್ಬರ್ ಬಿಲ್ಲೆ ಕೊಟ್ಟಿದ್ದರು.

"ಮದುವೆಯಾದ ಹೊಸದರಲ್ಲಿ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೊರಟ್ರು ಕಣಪ್ಪಾ," ಅಂತ ಅಮ್ಮ ಶುರು ಮಾಡಿದರು. "ದಾರೀಲಿ ಇಷ್ಟು ದೊಡ್ಡ ಗುಂಡಿ. ನಾನು ಆಕಾಶಕ್ಕೆ ಹೋಗಿ ಬಂದೆ. ಇವರು ಗಾಡಿ ನಿಲ್ಲಿಸಿ ಹಿಂದೆ ತಿರುಗಿದ್ರು. ನೋವಾಯ್ತಾ ಅಂತ ಕೇಳ್ತಾರೆ ಅಂದ್ಕೊಂಡೆ. ಏನು ಕೇಳಿದ್ರು ಗೊತ್ತಾ? ಒಂದ್ಸಲ ಕುಣೀತಾ, ಎರಡ್ಸಲ ಕುಣೀತಾ, ಅಂತ!"

"ಎರಡ್ಸಲ ಅಂದ್ಳು," ಎಂದರು ಮೇಸ್ತ್ರಿ ಅನ್ನ ಕಲಸುತ್ತ. "ಅವತ್ತೇ ಬದಲಾಯಿಸಿದೆ."

"ನನ್ನನ್ನಲ್ಲ ಪುಣ್ಯ."

ಆ ದಿನ ಸ್ಟುಡಿಯೋ ಬಿದ್ದು ಬಿದ್ದು ನಕ್ಕ. ನಗುವ ಭರದಲ್ಲಿ ಒಂದನ್ನು ಗಮನಿಸಲಿಲ್ಲ. ಮೇಸ್ತ್ರಿಯ ಲೋಟಕ್ಕೆ ಅಮ್ಮ ಅರ್ಧವೇ ನೀರು ಹಾಕಿದ್ದರು. ವರ್ಕ್‌ಶಾಪಿನಲ್ಲೂ ಟೀ ಬಂದಾಗ ಅವರದು ಒಂದೇ ಮಾತು, "ನನಗೆ ಅರ್ಧ." ಕಾರಣ ಕೇಳಿದರೆ, "ಇನ್ನರ್ಧ ನಿನ್ನ ಕ್ಯಾಮೆರಾಗೆ ಕುಡಿಸು, ಪಾಪ ಸೊರಗಿದೆ."

ಆ ವರ್ಷದ ಎರಡನೇ ರೇಸಿನಲ್ಲಿ ಅವರ ಟೀಮಿನ ಕಾರು ಮೂರನೇ ತಿರುವಿನಲ್ಲಿ ಜಾರಿ ಮಣ್ಣಿಗಿಳಿಯಿತು. ಕಾರು ಓಡಿಸುವವಳು ಇಪ್ಪತ್ತಮೂರರ ಹುಡುಗಿ. ಅವಳಿಗೆ ಏನೂ ಆಗಲಿಲ್ಲ, ಸಿಟ್ಟು ಮಾತ್ರ ಬಂತು. "ಬ್ರೇಕ್ ಹಿಡಿಯೋ ಹೊತ್ತಿಗೆ ಬಲಗಡೆ ಹಿಂದಿನ ಚಕ್ರ ಕುಪ್ಪಳಿಸುತ್ತೆ. ನೆಲಾನೇ ಮುಟ್ಟಲ್ಲ!"

ಮೇಸ್ತ್ರಿ ಚಕ್ರಕ್ಕೆ ಬೆರಳಿನಿಂದ ಟಕ್ಕೆಂದು ಹೊಡೆದು ನೋಡಿ, "ಟೈರಿಗೆ ಗಾಳಿ ಜಾಸ್ತಿ ಅನ್ನಿಸುತ್ತೆ. ಸ್ವಲ್ಪ ಇಳಿಸಿ ನೋಡೋಣ್ವಾ?" ಅಂದರು. ಅಷ್ಟು ಸಣ್ಣ ಮಾತು ಯಾರ ಕಿವಿಗೂ ಬೀಳಲಿಲ್ಲ. ಟೀಮ್ ನಡೆಸುವ ಮೇಡಂ ಸ್ಟುಡಿಯೋ ಕಡೆ ತಿರುಗಿದರು. "ಕ್ಯಾಮೆರಾ ಹಾಕು. ನನಗೆ ಕಣ್ಣಾರೆ ನೋಡ್ಬೇಕು."

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ತನ್ನನ್ನು ಯಾರೋ ಕೇಳಿದ್ದಾರೆ! ಸ್ಟುಡಿಯೋ ಉಬ್ಬಿಹೋದ. ಕಾರನ್ನು ಮತ್ತೆ ಓಡಿಸಿ ನೋಡುವ ಪರೀಕ್ಷೆಯ ದಿನ ಬೆಳಿಗ್ಗೆ ಆ ಚಕ್ರದ ಗೂಡಿನಲ್ಲಿ ಕ್ಯಾಮೆರಾ ಬಿಗಿದು, ಚುಕ್ಕೆ ಅಂಟಿಸಿ, ಉತ್ಸಾಹದಲ್ಲಿ ಬೇಗನೇ ಆನ್ ಮಾಡಿ, ಲೈಟು ತರಲು ಹೋದ. ಮೇಸ್ತ್ರಿ ಎಂದಿನಂತೆ ಬಂದು ತಮ್ಮ ಬಳೆ ಸರಿಸಿ, ಶಾಕ್‌ನ ಬೋಲ್ಟು ಬಿಗಿ ಮಾಡಿ ಹೋದರು. ಕಾರು ಓಡಿತು. ಬಂದಾಗ ಬಳೆ ಮೂವತ್ತೆಂಟಕ್ಕೆ ನಿಂತಿತ್ತು.

ಮಾರನೆಯ ದಿನ ಸ್ಟುಡಿಯೋ ವಿಡಿಯೋ ತೆರೆದ. ಮೊದಲಿಗೇ ಪರದೆಯ ತುಂಬ ಎರಡು ಕೈ ಕಂಡವು. ಮೇಸ್ತ್ರಿಯ ಕೈ. ಬಲಗೈ ಸ್ಪ್ಯಾನರಿಗೆ ಕಾಯುತ್ತ ಗಾಳಿಯಲ್ಲಿ ನಿಂತಿತ್ತು, ನಡುಗುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ, ಏನೋ ಕಾಳು ಉರುಳಿಸುವ ಹಾಗೆ, ಒಂದೇ ಸಮನೆ. ಸ್ಟುಡಿಯೋಗೆ ಸ್ನಾನದ ಮನೆಯ ಬಾಗಿಲು ತಪ್ಪಿ ತೆರೆದಂತಾಯಿತು. ಸರಕ್ಕನೆ ಮುಂದಕ್ಕೆ ಓಡಿಸಿಬಿಟ್ಟ. ಅರ್ಧ ಟೀ, ಅರ್ಧ ನೀರು, ಎಲ್ಲ ಒಟ್ಟಿಗೆ ಅರ್ಥವಾಯಿತು.

ಆಮೇಲೆ ಮೂರನೇ ತಿರುವು ನೋಡಿದ. ನೋಡುವ ಮೊದಲೇ ಅವನಿಗೆ ಉತ್ತರ ಗೊತ್ತಿತ್ತು, ಅದೇ ಎಡವಟ್ಟಾಯಿತು. ಚುಕ್ಕೆ ದೊಡ್ಡದಾಗಿ ಕಾಣಲಿ ಎಂದು ಚಿತ್ರದ ಅಂಚುಗಳನ್ನು ಕತ್ತರಿಸಿದ. ಚುಕ್ಕೆ ಐವತ್ತೊಂದು ಮಿಲಿಮೀಟರ್ ಹೋಗಿತ್ತು. ಅಷ್ಟೇ ಅಲ್ಲ, ಒಂದಾದ ಮೇಲೊಂದು ಐದು ಸಲ ಕುಣಿದಿತ್ತು. ಶಾಕ್ ಸತ್ತಿದೆ. ನಡುಗುವ ಕೈಯಿಂದ ಜೋಡಿಸಿದ ಶಾಕ್ ಇನ್ನು ಹೇಗಿರುತ್ತದೆ? ಕೈಯ ಭಾಗ ಯಾರಿಗೂ ತೋರಿಸುವುದಿಲ್ಲ ಎಂದು ತೀರ್ಮಾನಿಸಿ, ತಾನೆಂಥ ಒಳ್ಳೆಯವನು ಎಂದು ಒಳಗೊಳಗೇ ಮೆಚ್ಚಿಕೊಂಡ.

ಮೀಟಿಂಗು ಟೈರ್ ಜೋಡಿಸಿಟ್ಟ ಕೋಣೆಯಲ್ಲಿ. ಗೋಡೆಯ ಟಿವಿಯಲ್ಲಿ ಚುಕ್ಕೆ ತಟ್ಟೆಯಷ್ಟು ದೊಡ್ಡದಾಗಿ ಐದು ಸಲ ಕುಣಿಯಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು.

"ಬಳೆ ಮೂವತ್ತೆಂಟೇ ತೋರಿಸಿತ್ತಲ್ಲ," ಎಂದರು ಮೇಸ್ತ್ರಿ ಮೆಲ್ಲಗೆ.

"ಬಳೆ ಜಾರಿರಬಹುದು ಮೇಸ್ತ್ರಿ," ಎಂದ ಸ್ಟುಡಿಯೋ, ತಿಳಿದವನ ದನಿಯಲ್ಲಿ. "ಎಷ್ಟಾದ್ರೂ ರಬ್ಬರ್ ತಾನೆ."

ಮೇಸ್ತ್ರಿ ಜಗಳ ಆಡುತ್ತಾರೆ ಎಂದುಕೊಂಡಿದ್ದ. ಒಂದು ಬೈಗುಳಕ್ಕಾದರೂ ಅವನು ಸಿದ್ಧವಾಗಿದ್ದ. ಅವರು ಪರದೆಯನ್ನು ನೋಡಿದರು, ತಮ್ಮ ಬಲಗೈಯನ್ನು ನೋಡಿಕೊಂಡರು, ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. "ಇರಬಹುದು. ಕ್ಯಾಮೆರಾಗೆ ಸುಳ್ಳು ಹೇಳೋಕೆ ಬರಲ್ಲವಲ್ಲ."

ಮೇಡಂ ಮೆತ್ತಗೇ ಹೇಳಿದರು. "ಮುಂದಿನ ರೇಸಿಂದ ಶಾಕ್ ಕೆಲಸ ಹೊರಗೆ ಕೊಡೋಣ ಮೇಸ್ತ್ರಿ. ನೀವು ಸ್ಟೋರ್ ನೋಡ್ಕೊಳ್ಳಿ. ನೆರಳಲ್ಲಿ ಕೂತು ಮಾಡೋ ಕೆಲಸ."

"ಆಗ್ಲಿ ಮೇಡಂ."

ಮೂವತ್ತೊಂದು ವರ್ಷ ಆ ಒಂದು ಪದದಲ್ಲಿ ಮುಗಿಯಿತು.

ಸೋಮವಾರ ಅವರು ತಮ್ಮ ಬೆಂಚು ಒರೆಸಿ, ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟು, ಸ್ಟೋರಿಗೆ ಹೋಗಿ ಕೂತರು. ನಟ್ಟು ಬೋಲ್ಟಿನ ಡಬ್ಬಿಗಳ ನಡುವೆ, ಮದುವೆ ಮನೆಯಲ್ಲಿ ಗುರುತಿನವರು ಸಿಗದೆ ಕೂತ ನೆಂಟರಂತೆ. ಮಧ್ಯಾಹ್ನ ಸ್ಟುಡಿಯೋ ನಾಲ್ಕು ಸ್ಕ್ರೂ ಬೇಕೆಂಬ ನೆಪ ಮಾಡಿಕೊಂಡು ಹೋದ. ಸ್ಕ್ರೂ ಜೊತೆ ಅವರು ಇನ್ನೊಂದನ್ನೂ ಅವನ ಅಂಗೈಗೆ ಹಾಕಿದರು.

"ಬಳೆ. ನೀನೇ ಇಟ್ಕೋ. ಇದಕ್ಕೂ ವಯಸ್ಸಾಯ್ತು ಅನ್ನಿಸುತ್ತೆ, ಸಡಿಲ ಆಗಿರ್ಬೇಕು."

ಆ ಮಾತು ಅವನ ಊಟವನ್ನು ಕೆಡಿಸಿತು. ಬಿಚ್ಚಿಟ್ಟಿದ್ದ ಶಾಕ್‌ನ ದಂಡಕ್ಕೆ ಬಳೆ ಹಾಕಿ ಬೆರಳಿನಿಂದ ತಳ್ಳಿದ. ಬಿಗಿಯಾಗಿತ್ತು. ಶಾಕ್ ಎತ್ತಿ ಕುಲುಕಿದ. ಬಳೆ ಕದಲಲಿಲ್ಲ. ಮೇಜಿನ ಅಂಚಿಗೆ ತಟ್ಟಿದ. ಇದ್ದಲ್ಲೇ ಇತ್ತು, ಇವನನ್ನೇ ನೋಡಿಕೊಂಡು. ಇಷ್ಟು ಬಿಗಿಯಾದದ್ದು ಜಾರುವುದೆಂದರೇನು? ಹಾಗಾದರೆ ಐವತ್ತೊಂದಕ್ಕೂ ಮೂವತ್ತೆಂಟಕ್ಕೂ ನಡುವಿನ ಹದಿಮೂರು ಮಿಲಿಮೀಟರ್ ಎಲ್ಲಿಂದ ಬಂತು?

ಊಟದ ಡಬ್ಬಿ ಮುಚ್ಚಿ, ಕೈ ತೊಳೆದು, ವಿಡಿಯೋವನ್ನು ಮತ್ತೆ ತೆರೆದ. ಈ ಸಲ ಅಂಚು ಕತ್ತರಿಸದೆ, ಪೂರ್ತಿ ಚಿತ್ರ. ಮೇಲಿನ ಎಡ ಮೂಲೆಯಲ್ಲಿ ಒಂದು ರಿವೆಟ್ ಇತ್ತು. ಕಾರಿನ ಮೈಗೇ ಹೊಡೆದು ಕೂರಿಸಿದ್ದು; ಕಾರು ಮುರಿದು ಎರಡಾದರೂ ಅದು ಇದ್ದ ಜಾಗ ಬಿಟ್ಟು ಕದಲುವಂತಿಲ್ಲ. ಮೂರನೇ ತಿರುವು ಬಂತು.

ರಿವೆಟ್ ಕುಣಿಯಿತು. ಐದು ಸಲ.

ಸ್ಟುಡಿಯೋ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ರಿವೆಟ್ ಕುಣಿಯುವುದಿಲ್ಲ. ರಿವೆಟ್ ಕುಣಿದಂತೆ ಕಂಡರೆ ಕುಣಿದದ್ದು ಕ್ಯಾಮೆರಾ. ತಾನೇ ಮುತುವರ್ಜಿಯಿಂದ ಕತ್ತರಿಸಿ ಮಾಡಿದ್ದ ತೆಳ್ಳನೆಯ ಪಟ್ಟಿ, ಏಟು ಬಿದ್ದಾಗ ಮರದ ಕೊಂಬೆಯಂತೆ ತೊನೆದಿತ್ತು. ಆ ತೊನೆತವನ್ನೇ ಅವನು ಚುಕ್ಕೆಯ ತಲೆಗೆ ಕಟ್ಟಿದ್ದ. ಫ್ರೇಮಿನಿಂದ ಫ್ರೇಮಿಗೆ ರಿವೆಟ್‌ನ ಅಲ್ಲಾಟವನ್ನು ಚುಕ್ಕೆಯ ಅಲ್ಲಾಟದಿಂದ ಕಳೆಯುತ್ತ ಹೋದ. ಉಳಿದದ್ದು ಮೂವತ್ತೆಂಟು. ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಆಮೇಲೆ ಸುಮ್ಮನೆ. ಮೇಸ್ತ್ರಿಯ ಶಾಕ್ ಒಂದೇ ಒಂದು ಸಲ ಉಸಿರು ಬಿಟ್ಟು ನಿಂತಿತ್ತು.

ಮೇಡಂ ಕೋಣೆಯವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ ಅವನು ಮೂರು ಸುಳ್ಳು ಯೋಚಿಸಿದ. ಒಂದೂ ಚೆನ್ನಾಗಿರಲಿಲ್ಲ. ಲ್ಯಾಪ್‌ಟಾಪ್ ಮುಂದಿಟ್ಟು ಎಲ್ಲವನ್ನೂ ಹೇಳಿದ.

ಮೇಡಂ ಕನ್ನಡಕ ಏರಿಸಿದರು. "ಅಂದ್ರೆ ನಡುಗಿದ್ದು ಯಾವುದು?"

"ನಾನು, ಮೇಡಂ." ಪರದೆಯ ಮೇಲೆ ಬೆರಳಿಟ್ಟ. "ಅಂದ್ರೆ, ನನ್ನ ಕ್ಯಾಮೆರಾ."

"ಹಾಗಾದ್ರೆ ಚಕ್ರ ಯಾಕೆ ಕುಪ್ಪಳಿಸ್ತು?"

"ಮೇಸ್ತ್ರಿ ಮೊದಲ ದಿನಾನೇ ಹೇಳಿದ್ರು ಮೇಡಂ. ಗಾಳಿ ಜಾಸ್ತಿ ಅಂತ. ನಾವ್ಯಾರೂ ಕೇಳಿಸ್ಕೊಳ್ಳಲಿಲ್ಲ."

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. "ಹೋಗಿ ಅವರನ್ನ ಕರ್ಕೊಂಡು ಬಾ. ನಾನೇ ಕ್ಷಮೆ ಕೇಳ್ತೀನಿ. ಆಮೇಲೆ ನಿನ್ನ ವಿಷಯ."

ಸ್ಟೋರಿನಲ್ಲಿ ಮೇಸ್ತ್ರಿ ವಾಷರುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಮುಖ ಅರಳಲಿಲ್ಲ.

"ಬಾಗಿಲು ಹಾಕು," ಎಂದರು. ಹಾಕಿದ. "ನಿಜ ಹೇಳು ಮಗಾ. ನನ್ನ ಕೈ ನೋಡಿದ್ದೀಯ. ಅವತ್ತು ಮೀಟಿಂಗಲ್ಲಿ ನೀನು ನನ್ನ ಮುಖ ನೋಡ್ತಿರಲಿಲ್ಲ, ಕೈ ನೋಡ್ತಿದ್ದೆ. ಪಾಪ ಮುದುಕ ಅಂತ ಲೆಕ್ಕ ತಿದ್ದಿ ತಂದ್ಯಾ?"

"ಇಲ್ಲ ಮೇಸ್ತ್ರಿ!"

"ತಿದ್ದಿದ್ರೆ ಈಗಲೇ ಹೇಳ್ಬಿಡು. ನಾನು ಬೈಯಲ್ಲ. ಆ ಕಾರಲ್ಲಿ ಕೂರೋದು ಒಂದು ಹೆಣ್ಣುಮಗು. ನನ್ನ ಕೈ ನೆಟ್ಟಗಿಲ್ಲದೇ ಇದ್ರೆ ಆ ಕಾರ್ ಮುಟ್ಟಬಾರದು ನಾನು. ಒಂದು ವರ್ಷದಿಂದ ಇದೇ ಹೆದರಿಕೆ ನನಗೆ. ಯಾರಿಗೂ ಹೇಳಿಲ್ಲ. ಮನೇಲಿ ಗೊತ್ತು, ಡಾಕ್ಟರ ಹತ್ರ ನಡೀರಿ ಅಂತ ಅವಳು ದಿನಾ ಪ್ರಾಣ ತಿಂತಾಳೆ. ಹೋದ್ರೆ ಕೆಲಸ ಬಿಡು ಅಂತಾರೆ ಅಂತ ಹೋಗಿಲ್ಲ."

ಸ್ಟುಡಿಯೋ ಯಾವ ಮಾತು ಆಡಿದರೂ ಅದು ಕರುಣೆಯಂತೆ ಕೇಳಿಸುತ್ತಿತ್ತು. ಕೊನೆಗೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಅವರ ಪಕ್ಕ ನೆಲದ ಮೇಲೆ ಕೂತು, ತಾನು ಓಡಿಸಿಬಿಟ್ಟಿದ್ದ ಆ ಮೊದಲ ಭಾಗವನ್ನು ತೆರೆದು, ನಿಧಾನವಾಗಿ ಬಿಟ್ಟ. ಅವನೂ ಅದನ್ನು ಪೂರ್ತಿ ನೋಡುತ್ತಿದ್ದದ್ದು ಅದೇ ಮೊದಲು.

ಗಾಳಿಯಲ್ಲಿ ಕೈ. ನಡುಕ. ಮೇಸ್ತ್ರಿ ಕಣ್ಣು ಕೆಳಗೆ ಹಾಕಿದರು.

"ನೋಡಿ ಮೇಸ್ತ್ರಿ. ಇನ್ನೂ ಸ್ವಲ್ಪ."

ಕೈ ಸ್ಪ್ಯಾನರಿನತ್ತ ಹೋಯಿತು. ಒಂದೊಂದೇ ಫ್ರೇಮು. ಬೆರಳು ಕಬ್ಬಿಣ ಮುಟ್ಟಿತು. ನಡುಕ ನಿಂತಿತು, ಯಾರೋ ಮಗುವಿನ ಬೆನ್ನಿನ ಮೇಲೆ ಕೈಯಿಟ್ಟಂತೆ. ಸ್ಪ್ಯಾನರು ಬೋಲ್ಟಿನ ತಲೆಗೆ ಮೊದಲ ಸಲಕ್ಕೇ ಕೂತಿತು. ತಿರುಗಿತು, ಬಿಗಿಯಾಯಿತು, ಎದ್ದು ಬಂತು. ಸ್ಪ್ಯಾನರನ್ನು ಕೆಳಗಿಟ್ಟ ಮೇಲೆ ಖಾಲಿ ಬೆರಳು ಮತ್ತೆ ನಡುಗಲು ಶುರುವಾಯಿತು.

"ಇನ್ನೊಂದ್ಸಲ ಹಾಕು," ಎಂದರು ಮೇಸ್ತ್ರಿ.

ಹಾಕಿದ.

"ಎಷ್ಟು ಫ್ರೇಮು?"

ಎಣಿಸಿದ. "ಮುಟ್ಟಿದಲ್ಲಿಂದ ಬಿಡೋ ತನಕ ಎರಡು ಸಾವಿರದ ನೂರ ಆರು. ಒಂದರಲ್ಲೂ ಅಲ್ಲಾಡಿಲ್ಲ."

ಮೇಸ್ತ್ರಿ ಓರೆಗಣ್ಣಿನಲ್ಲಿ ಅವನನ್ನು ನೋಡಿ, "ರಿವೆಟ್ ನೋಡಿದ್ಯಾ?" ಎಂದರು.

ಸ್ಟುಡಿಯೋ ನಾಲಿಗೆ ಕಚ್ಚಿಕೊಂಡು ಚಿತ್ರವನ್ನು ಪೂರ್ತಿ ಮಾಡಿದ. ಕಾರು ನಿಂತೇ ಇತ್ತು; ಚಿತ್ರದ ಮೇಲಿನ ಎಡ ಮೂಲೆಯಲ್ಲಿ ರಿವೆಟ್ ಕಲ್ಲಿನಂತೆ ಕೂತಿತ್ತು.

"ಹಾಂ," ಎಂದರು ಮೇಸ್ತ್ರಿ. "ಈಗ ನಂಬ್ತೀನಿ." ಎಡಗೈಯಿಂದ ಕಣ್ಣೊರೆಸಿಕೊಂಡರು. "ಇದನ್ನ ಫೋನಿಗೆ ಹಾಕ್ಕೊಡು. ಮನೇಲಿ ತೋರಿಸ್ಬೇಕು."

ಆ ವಿಡಿಯೋ ನೋಡಿ ಮೇಸ್ತ್ರಿಯ ಮನೆಯಲ್ಲಿ ಅಮ್ಮ ಅತ್ತರಂತೆ, ಅಳು ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ನಿಂತರಂತೆ: "ಈಗ ನಡೀರಿ." ಡಾಕ್ಟರು ಮೂರು ಸಲ ನೋಡಿದರು. ಸುಮ್ಮನಿದ್ದಾಗ ನಡುಗಿ, ಕೆಲಸಕ್ಕಿಳಿದಾಗ ನಿಲ್ಲುವ ನಡುಕವೂ ಇದೆಯೆಂದೂ, ಲೋಟದಂಥದ್ದನ್ನು ಎತ್ತಿ ಹಿಡಿದಾಗ ಅದು ಮತ್ತೆ ಬರುತ್ತದೆಂದೂ, ಅದಕ್ಕೊಂದು ಹೆಸರಿದೆಯೆಂದೂ, ಮಾತ್ರೆ ಇದೆಯೆಂದೂ, ಪೂರ್ತಿ ಹೋಗುವುದಿಲ್ಲವೆಂದೂ ಹೇಳಿದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು; ಕೈ ಕೆಲಸ ಬಿಡಬೇಕಾದ ದಿನ ಬಂದರೆ ತಾವೇ ಹೇಳುವುದಾಗಿ ಡಾಕ್ಟರು ಒಪ್ಪಿಕೊಂಡರು. ಮೇಸ್ತ್ರಿ ಅದಷ್ಟನ್ನೂ ಬಂದು ಮೇಡಂಗೆ ತಾವಾಗಿಯೇ ಹೇಳಿದರು, ಕೈಯನ್ನು ಜೇಬಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟುಕೊಂಡು. ಮೇಡಂ ಆ ಕೈಯ ಮೇಲೆ ತಮ್ಮ ಕೈಯಿಟ್ಟು, ಕ್ಷಮೆ ಕೇಳಿ, ಬೆಂಚಿನ ಬೀಗದ ಕೈ ವಾಪಸು ಕೊಟ್ಟರು. ಒಂದೇ ಕರಾರು: ಪ್ರತಿ ಶಾಕ್ ಜೋಡಿಸುವಾಗಲೂ ಮೇಲೊಂದು ಕ್ಯಾಮೆರಾ ಇರಬೇಕು.

"ಮದುವೆ ವಿಡಿಯೋ ಥರ," ಎಂದರು ಮೇಸ್ತ್ರಿ. "ಆಗ್ಲಿ."

ಸ್ಟುಡಿಯೋನ ವಿಷಯವೂ ಆಮೇಲೆ ಬಂತು. ಅವನಿಗೆ ಬಾಯಿತುಂಬ ಬೈಗುಳ ಸಿಕ್ಕಿತು, ಜೊತೆಗೆ ಒಂದು ಹೊಸ ಕೆಲಸವೂ. ಸಣ್ಣ ಅಳತೆಯ ಲೋಟದಿಂದ ಶಾಕ್‌ಗೆ ಎಣ್ಣೆ ಹೊಯ್ಯುವಾಗ ಮೇಸ್ತ್ರಿಯ ಕೈ ಅವರ ಮಾತು ಕೇಳುತ್ತಿರಲಿಲ್ಲ. "ಹೊಯ್ಯೋದು ನೀನು, ಬಿಗಿಯೋದು ನಾನು," ಎಂದು ಅವರು ಪಾಲು ಮಾಡಿದರು. ಮೊದಲ ದಿನ ಸ್ಟುಡಿಯೋ ಹೆದರಿಕೆಯಿಂದ ಬೆಂಚಿನ ತುಂಬ ಎಣ್ಣೆ ಚೆಲ್ಲಿದ. ಮೇಸ್ತ್ರಿ ಬಟ್ಟೆ ಎಸೆದರು. "ನಿನಗೂ ಮಾತ್ರೆ ಬರೆಸ್ಕೊಂಡು ಬರ್ಲಾ?"

ಕ್ಯಾಮೆರಾಗೆ ಹೊಸ ಪಟ್ಟಿಯನ್ನು ಮೇಸ್ತ್ರಿಯೇ ಮಾಡಿಕೊಟ್ಟರು. ದಪ್ಪ ಅಲ್ಯೂಮಿನಿಯಂ, ಅಡ್ಡಕ್ಕೊಂದು ಆನಿಕೆ, ಬುಡದಲ್ಲಿ ಊಟದ ಮೇಜಿನ ಕಾಲಿಗೆ ಹಾಕಿದಂಥದೇ ರಬ್ಬರ್ ಬಿಲ್ಲೆ.

ಮುಂದಿನ ಪರೀಕ್ಷೆಯ ದಿನ ಟೈರಿನ ಗಾಳಿ ಇಳಿಸಿ ಕಾರು ಬಿಟ್ಟರು. ಹತ್ತು ಸುತ್ತು ಹೊಡೆದು ಬಂದ ಹುಡುಗಿ ಹೆಲ್ಮೆಟ್ ತೆಗೆಯುವುದಕ್ಕೂ ಮೊದಲೇ ಕೂಗಿದಳು, "ಮೇಸ್ತ್ರಿ, ಕೂತಿದೆ! ಚಕ್ರ ನೆಲಕ್ಕೆ ಅಂಟಿಕೊಂಡು ಕೂತಿದೆ!" ಮೇಸ್ತ್ರಿ ಆಗಲೇ ಬಗ್ಗಿ ಬಳೆ ನೋಡುತ್ತಿದ್ದರು. ಸ್ಟುಡಿಯೋ ವಿಡಿಯೋ ತೆರೆದ, ಮೊದಲು ರಿವೆಟ್ ನೋಡಿದ, ಆಮೇಲೆ ಚುಕ್ಕೆ ನೋಡಿದ.

"ಮೂವತ್ತಾರು," ಎಂದ.

"ಮೂವತ್ತಾರು," ಎಂದರು ಅವರು ಕಾರಿನ ಕೆಳಗಿನಿಂದ, ಅದೇ ಉಸಿರಿಗೆ.

ಟೀ ಬಂತು. ತಂದವರು ರೂಢಿಯಂತೆ ಮೇಸ್ತ್ರಿಯ ಗ್ಲಾಸನ್ನು ಅರ್ಧಕ್ಕೇ ನಿಲ್ಲಿಸಿದರು.

"ತುಂಬ್ಸಪ್ಪಾ," ಎಂದರು ಮೇಸ್ತ್ರಿ. "ಏನು, ಕ್ಯಾಮೆರಾ ದಿನಾ ನನ್ನ ಪಾಲು ಕುಡೀಬೇಕಾ?"

ಗ್ಲಾಸು ತುಂಬಿತು. ಅವರು ಅದನ್ನು ಎತ್ತಿದರು. ಬಾಯಿಗೆ ಮುಟ್ಟುವ ಹೊತ್ತಿಗೆ ಎರಡು ತೊಟ್ಟು ಬೆರಳಿನ ಮೇಲೆ, ಒಂದು ತೊಟ್ಟು ಅಂಗಿಯ ಮೇಲೆ ಬಿತ್ತು. ಅವರು ಗ್ಲಾಸು ಕೆಳಗಿಡಲಿಲ್ಲ. ಸ್ಟುಡಿಯೋ ಒಂದು ತಟ್ಟೆಯನ್ನು ಅವರ ಮುಂದೆ ಸರಿಸಿದ.

"ಏನ್ ನೋಡ್ತೀಯ? ಫ್ರೇಮ್ ಎಣಿಸ್ತಿದ್ಯಾ?"

"ಇಲ್ಲ ಮೇಸ್ತ್ರಿ. ಅಂಗಿ ಮೇಲಿನ ತೊಟ್ಟು ಎಣಿಸ್ತಿದ್ದೆ."

"ಎಣಿಸು, ಎಣಿಸು," ಎಂದು ಅವರು ಕೊನೆಯ ಗುಟುಕಿನವರೆಗೂ ಕುಡಿದರು.